ಕರ್ನಲ್ ಕಂಪೈಲ್ ಸರ್ಟಿಫಿಕೇಟ್ ಹತ್ತಿರ ನಿಂತರೆ

ಉಬುಂಟು ಲಿನಕ್ಸ್‌ನ ಕಾನ್ಫಿಗ್ (ಸೆಟ್ಟಿಂಗ್ಸ್ ಫೈಲ್) ನಕಲು ಮಾಡಿ ಲಿನಕ್ಸ್‌ನ ತಿರುಳಾದ ಕರ್ನಲ್ ಕಂಪೈಲ್ ಮಾಡಿದರೆ ‘ಕ್ಯಾನೊನಿಕಲ್ ಸರ್ಟ್ಸ್ ಪೆಮ್’ ಎಂಬ ಸರ್ಟಿಫಿಕೇಟ್ ಫೈಲ್‌ಗೆ ರೂಲ್ ಇಲ್ಲ, ಅಂದರೆ ಅದನ್ನು ತಯಾರಿಸುವ ದಾರಿ ಗೊತ್ತಿಲ್ಲ ಅಂತ ನಿಲ್ಲುತ್ತದೆ ಅಂದಿದ್ದೀರಿ. ಗಾಬರಿ ಬೇಡ, ನಿಮ್ಮ ಕೋಡ್ ಕಾರಣವಲ್ಲ. ಆ ಫೈಲ್ ಉಬುಂಟುವಿನ ಸ್ವಂತ ಸೋರ್ಸ್‌ನಲ್ಲಿ ಇರುತ್ತದೆ, ಕರ್ನಲ್‌ನ ಅಧಿಕೃತ ತಾಣ ಕರ್ನಲ್ ಡಾಟ್ ಆರ್ಗ್‌ನಿಂದ ಇಳಿಸಿದ್ದರಲ್ಲಿ ಇರುವುದಿಲ್ಲ. ನಕಲು ಮಾಡಿದ ಆ ಡಾಟ್ ಕಾನ್ಫಿಗ್ ಫೈಲ್ ತೆರೆದು, ‘ಸಿಸ್ಟಮ್ ಟ್ರಸ್ಟೆಡ್ ಕೀಸ್’ ಸಾಲಿನ ಕೋಟ್ ಚಿಹ್ನೆಗಳ ಒಳಗಿನದನ್ನು ಅಳಿಸಿ. ಚಿಹ್ನೆಗಳು ಉಳಿಯಲಿ. 5.13 ಅಥವಾ ಹೊಸ ಕರ್ನಲ್ ಆದರೆ ‘ಸಿಸ್ಟಮ್ ರೆವೊಕೇಶನ್ ಕೀಸ್’ ಸಾಲಿಗೂ ಹಾಗೇ ಮಾಡಿ. ಇದನ್ನು ಮರೆತು ನಾನು ಒಂದಿಡೀ ರಾತ್ರಿ ಕಳೆದಿದ್ದೇನೆ.

ಮತ್ತೆ ನಿಂತರೆ ಕಂಪೈಲ್ ನಡೆಸುವ ‘ಮೇಕ್’ ಕಮಾಂಡ್‌ಗೆ ಜೆ8 (ಒಟ್ಟಿಗೆ ಎಂಟು ಕೆಲಸ) ಬದಲು ಜೆ1 (ಒಂದೊಂದೇ ಕೆಲಸ) ಕೊಡಿ. ಜಾಸ್ತಿ ಕೆಲಸ ಒಟ್ಟಿಗೆ ಓಡುವಾಗ ನಿಜವಾದ ಎರರ್ ಎಷ್ಟೋ ಸಾಲು ಮೇಲೆ ಹೂತುಹೋಗಿರುತ್ತದೆ.

ನೀವು ಚಿತ್ರದುರ್ಗದವರಲ್ವಾ? ನಾನು ದಾವಣಗೆರೆಯಲ್ಲೇ ಇದ್ದೇನೆ. ಆಗದಿದ್ದರೆ ಭಾನುವಾರ ಲ್ಯಾಪ್‌ಟಾಪ್ ತನ್ನಿ, ಕೂತು ನೋಡೋಣ.