ಗಂಗೋತ್ರಿ ಹತ್ತಿರದ ಮನೆ, ಮೇಲಿನ ಮೂರು ರೂಮು

ಹೆಸರು, ಕೆಲಸ, ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಬಹುದು ಅಂತ ಇಬ್ಬರೂ ಒಪ್ಪಿದ್ದಾರೆ.

ಮಹದೇವ, ಶಾರದಾ ಎಂದು ಕರೆಯೋಣ. ಮಹದೇವ ಅವರಿಗೆ 52 ವರ್ಷ, ಸರ್ಕಾರಿ ಕೆಲಸ, ನಿವೃತ್ತಿಗೆ ಇನ್ನೂ 8 ವರ್ಷ ಇದೆ. ಶಾರದಾ ಅವರಿಗೆ 48, ಖಾಸಗಿ ಶಾಲೆಯಲ್ಲಿ ಟೀಚರ್. ಮೈಸೂರಿನಲ್ಲೇ ಬಾಡಿಗೆ ಮನೆ. ಮಗಳು ಬೆಂಗಳೂರಲ್ಲಿ ಕೆಲಸಕ್ಕಿದ್ದಾಳೆ. ಸಲಹೆ ಕೇಳಲು ನನ್ನ ಹತ್ತಿರ ಬರುವ ಹೊತ್ತಿಗೆ ಗಂಡ ಹೆಂಡತಿ ಮಾತು ಬಿಟ್ಟು ಹದಿನೇಳು ದಿನ ಆಗಿತ್ತು. ದಿನ ಎಣಿಸಿ ಇಟ್ಟುಕೊಂಡಿದ್ದವರು ಮಹದೇವ.

ಜಗಳಕ್ಕೆ ಕಾರಣ ಒಂದು ಮನೆ. ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ ಮಾನಸಗಂಗೋತ್ರಿಗೂ ಕುಕ್ಕರಹಳ್ಳಿ ಕೆರೆಗೂ ನಡೆದೇ ಹೋಗಬಹುದು, ಅಷ್ಟು ಹತ್ತಿರ. 20x30 ಸೈಟು, ಹಳೇ ಮನೆ. ಕೆಳಗೆ ಹಾಲು, ಎರಡು ರೂಮು. ಮೇಲೆ ಮೂರು ರೂಮು, ಅಲ್ಲಿ ಈಗಲೂ ಓದುವ ಹುಡುಗರಿದ್ದಾರೆ. ಬೆಲೆ 80 ಲಕ್ಷ. ಮಹದೇವ ಮನೆಯಲ್ಲಿ ಒಂದು ಮಾತೂ ಹೇಳದೆ 2 ಲಕ್ಷ ಅಡ್ವಾನ್ಸ್ ಕೊಟ್ಟು ಬಂದಿದ್ದರು. ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದ ಶಾರದಾ ಅವರಿಗೆ ಬ್ಯಾಂಕಿನಲ್ಲಿ ಗೊತ್ತಾಯಿತು.

ಮೊದಲ ಭೇಟಿಯಲ್ಲಿ ನಾನೂ ಇದನ್ನು ಮುಚ್ಚಿಟ್ಟ ದುಡ್ಡಿನ ಜಗಳ ಅಂತಲೇ ತಿಳಿದೆ. ಮಹದೇವ ಜಾಸ್ತಿ ಮಾತಾಡಿದರು. ಹಳ್ಳಿಯಿಂದ ಬಂದು ಗಂಗೋತ್ರಿಯಲ್ಲಿ ಎಂ.ಎ. ಮಾಡಿದವರು. 1960ರಲ್ಲಿ ಕ್ಯಾಂಪಸ್ ಶುರುವಾದಾಗ ಆ ಹೆಸರಿಟ್ಟವರು ಕುವೆಂಪು ಅಂತ ನನಗೆ ಎರಡು ಸಲ ಹೇಳಿದರು, ಹೇಳುವಾಗ ಮುಖವೇ ಬೇರೆ ಆಗಿತ್ತು. "ಸಾಯಂಕಾಲ ಕೆರೆ ಏರಿ ಮೇಲೆ ನಡ್ಕೊಂಡು ಬರುವಾಗ ಸುತ್ತ ಮನೆಗಳಲ್ಲಿ ದೀಪ ಹಚ್ತಿದ್ರು ಮೇಡಂ. ನಮಗೆ ಹಾಸ್ಟೆಲ್ ಊಟ, ಎರಡು ಜೊತೆ ಬಟ್ಟೆ. ಒಂದಿನ ಇಲ್ಲೇ ಒಂದು ಮನೆ ತಗೋತೀನಿ ಅಂದ್ಕೊಂಡಿದ್ದೆ. ಮೂವತ್ತು ವರ್ಷ ಆಯ್ತು."

ಶಾರದಾ ಏನೂ ಹೇಳಲಿಲ್ಲ. ಎರಡನೇ ಸಲ ಒಬ್ಬರನ್ನೇ ಬರಹೇಳಿದೆ. "ಆ ಮನೆ ನೋಡಿದಾಗ ಯಾವ ಜಾಗ ಇಷ್ಟ ಆಗಲಿಲ್ಲ?" ಅಂತ ಕೇಳಿದೆ. ತಕ್ಷಣ "ಅಡುಗೆಮನೆ" ಅಂದರು. ಮೇಲಕ್ಕೆ ಹೋಗುವ ಮೆಟ್ಟಿಲು ಅಡುಗೆಮನೆ ಪಕ್ಕದಿಂದಲೇ ಶುರುವಾಗುತ್ತದೆ. ಹುಡುಗರು ಹತ್ತಬೇಕಾದರೂ ಇಳಿಯಬೇಕಾದರೂ ಒಲೆ ಮುಂದೆ ನಿಂತವರನ್ನು ದಾಟಿಕೊಂಡೇ ಹೋಗಬೇಕು.

ಆಮೇಲೆ ಅತ್ತರು. ಅತ್ತು ಮುಗಿದ ಮೇಲೆ ಹೇಳಿದ ಕಥೆ ಇದು. ಶಾರದಾ ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡರು. ಅಮ್ಮ ಪಡುವಾರಹಳ್ಳಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ಯೂನಿವರ್ಸಿಟಿ ಹುಡುಗರಿಗೆ ಮೆಸ್ ನಡೆಸಿದರು. ಒಂಬತ್ತನೇ ವಯಸ್ಸಿನಿಂದ ಮದುವೆ ಆಗುವವರೆಗೂ ಶಾರದಾ ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಿಟ್ಟು ಕಲಸಿ, ಈರುಳ್ಳಿ ಹೆಚ್ಚಿ, ತಿಂಡಿ ಬಡಿಸಿ, ಪಾತ್ರೆ ತೊಳೆದು, ಆಮೇಲೆ ಶಾಲೆಗೆ ಹೋಗಬೇಕಿತ್ತು. ಹುಡುಗರು ಕೆಟ್ಟವರೇನಲ್ಲ, ಕೆಲವರು ಲೆಕ್ಕ ಹೇಳಿಕೊಡುತ್ತಿದ್ದರಂತೆ. ಆದರೆ ಪರೀಕ್ಷೆ ಮುಗಿಸಿ ಮೂರು ತಿಂಗಳ ದುಡ್ಡು ಕೊಡದೆ ಊರಿಗೆ ಹೋದವರ ಹೆಸರು ಅಮ್ಮನ ನೋಟ್‌ಬುಕ್ಕಿನಲ್ಲಿ ಈಗಲೂ ಇದೆ.

ಮಹದೇವ ಅವರಿಗೆ ಮೆಸ್ಸಿನ ವಿಷಯ ಗೊತ್ತಿತ್ತು. ಅತ್ತೆಯ ಬಗ್ಗೆ ಬಹಳ ಗೌರವ. ಅದಕ್ಕೇ ಇರಬೇಕು, ಮನೆ ವಿಷಯ ಬಯಲಾದ ದಿನ ಅವರು ಒಂದು ಮಾತು ಅಂದುಬಿಟ್ಟಿದ್ದರು: "ಮೇಲೆ ಆರು ಜನ ಹುಡುಗರನ್ನ ಇಟ್ಕೊಂಡು ಊಟ ಹಾಕಿದ್ರೆ ಕಂತು ತಾನಾಗಿ ಕಟ್ಟುತ್ತೆ, ನಿನಗೆ ಹೇಗೂ ಅನುಭವ ಇದೆಯಲ್ಲ." ಶಾರದಾ ಮಾತು ಬಿಟ್ಟಿದ್ದು ಆ ಮಾತಿಗೆ. 2 ಲಕ್ಷಕ್ಕೆ ಕೋಪ ಬಂದಿತ್ತು, ನಿಜ. ಆದರೆ ಅದು ಎರಡು ದಿನದಲ್ಲಿ ಇಳಿದಿತ್ತಂತೆ.

ಶಾರದಾ ಒಪ್ಪಿದ ಮೇಲೆ ಮೂರನೇ ಸಲ ಇಬ್ಬರನ್ನೂ ಕೂರಿಸಿದೆ. ಅವರೇ ತಮ್ಮ ಬಾಯಲ್ಲಿ ಹೇಳಿದರು, ನಾನು ಸುಮ್ನೆ ಕೂತಿದ್ದೆ. ಮಹದೇವ ತುಂಬ ಹೊತ್ತು ತಲೆ ಎತ್ತಲಿಲ್ಲ.

ಆಮೇಲೆ ಒಂದು ಹಾಳೆ ಕೊಟ್ಟೆ. ಮಹದೇವ ಹಾಕಿದ್ದ ಲೆಕ್ಕ ಇಷ್ಟು: 40 ಲಕ್ಷ ಸಾಲ, ಶೇ 8.5 ಬಡ್ಡಿ, 15 ವರ್ಷ, ತಿಂಗಳಿಗೆ ಸುಮಾರು 39,400 ಕಂತು. ಆರು ಹುಡುಗರು, ಊಟ ಸೇರಿ ತಲಾ 7,500, ಒಟ್ಟು 45,000. ಮೇಲೆ ಇನ್ನೂ ಉಳಿಯುತ್ತೆ! ಪೆನ್ನು ಶಾರದಾ ಕೈಗೆ ಹೋಯಿತು. ಅಕ್ಕಿ, ಬೇಳೆ, ತರಕಾರಿ, ಹಾಲು, ಗ್ಯಾಸ್ ಸೇರಿ ತಲೆಗೆ 3,500 ಅಂತ ಬರೆದರು. ಅಲ್ಲಿಗೆ ತಿಂಗಳಿಗೆ 24,000 ಉಳಿಯಿತು. ರಜೆಯ ಎರಡು ತಿಂಗಳು ರೂಮು ಖಾಲಿ. ವರ್ಷಕ್ಕೆ 2,40,000. ಕಟ್ಟಬೇಕಾದ ಕಂತು ವರ್ಷಕ್ಕೆ 4,72,800. ಅರ್ಧ ಆಯಿತು, ಅಷ್ಟೇ. ಬೆಳಗ್ಗೆ ನಾಲ್ಕೂವರೆಗೆ ಏಳುವವರ ಕೂಲಿಯನ್ನು ಇನ್ನೂ ಬರೆದೇ ಇರಲಿಲ್ಲ. ಅಡುಗೆಯವರನ್ನು ಇಟ್ಟುಕೊಂಡರೆ ಎಷ್ಟು ಅಂತ ನಾನು ಕೇಳಿದೆ. ಮಹದೇವ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ನಾನು ಕೊಟ್ಟ ಸಲಹೆ ಹೀಗಿತ್ತು. ಮಹದೇವ ಅವರಿಗೆ: ಕ್ಷಮೆ ಕೇಳುವುದಾದರೆ ಎರಡಕ್ಕೂ ಬೇರೆ ಬೇರೆ ಕೇಳಿ. ದುಡ್ಡು ಮುಚ್ಚಿಟ್ಟಿದ್ದಕ್ಕೆ ಒಂದು, ಹೆಂಡತಿಯ ದುಡಿಮೆಯನ್ನು ಅವರನ್ನು ಕೇಳದೆ ಲೆಕ್ಕಕ್ಕೆ ಸೇರಿಸಿದ್ದಕ್ಕೆ ಇನ್ನೊಂದು. ಒಟ್ಟಿಗೆ "ತಪ್ಪಾಯ್ತು ಬಿಡು" ಅಂದರೆ ಎರಡನೆಯದು ಮುಚ್ಚಿಹೋಗುತ್ತೆ. ಶಾರದಾ ಅವರಿಗೆ: ಗಂಡನ ಆ ಮೂವತ್ತು ವರ್ಷದ ಆಸೆಯನ್ನು ಹುಚ್ಚು ಅನ್ನಬೇಡಿ, ಅದು ನಿಮ್ಮ ನೋವಿನಷ್ಟೇ ನಿಜ. ಇಬ್ಬರಿಗೂ: ಮೂರು ವಾರ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅಷ್ಟರಲ್ಲಿ ಆ ಬೀದಿಗೆ ಮೂರು ಸಲ ಒಟ್ಟಿಗೆ ಹೋಗಿ. ಬೆಳಗ್ಗೆ ಆರಕ್ಕೆ, ಕಾಲೇಜು ಬಿಡುವ ಹೊತ್ತಿಗೆ, ಶನಿವಾರ ರಾತ್ರಿ ಹನ್ನೊಂದಕ್ಕೆ. ಬೈಕ್ ಎಲ್ಲಿ ನಿಲ್ಲಿಸುತ್ತಾರೆ, ನೀರು ಯಾವಾಗ ಬರುತ್ತೆ, ಅಕ್ಕಪಕ್ಕದಲ್ಲಿ ಸಂಸಾರಸ್ಥರು ಎಷ್ಟು ಜನ, ನೋಡಿ. ಮನೆ ಕೊಂಡರೆ ಕ್ರಯಪತ್ರ ಇಬ್ಬರ ಹೆಸರಿಗೂ ಆಗಲಿ.

ಕಾಗದ ಪತ್ರ ನೋಡುವುದು ನನ್ನ ಕೆಲಸವಲ್ಲ, ವಕೀಲರ ಹತ್ತಿರ ಕಳಿಸಿದೆ. 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಮೂಲಪತ್ರ, ಇ-ಖಾತಾ, ಕಂದಾಯ ರಸೀದಿ ಎಲ್ಲ ನೋಡಬೇಕು ಅಂದರಂತೆ. ಮುದ್ರಾಂಕ, ನೋಂದಣಿ ಸೇರಿ ಈಗ ಶೇ 7.6 ಆಗುತ್ತೆ, 80 ಲಕ್ಷಕ್ಕೆ 6 ಲಕ್ಷದ ಮೇಲೆ. 50 ಲಕ್ಷ ಮುಟ್ಟಿದ ಆಸ್ತಿಗೆ ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಕಟ್ಟಬೇಕು. ಮಹದೇವ ಅವರ ಲೆಕ್ಕದಲ್ಲಿ ಈ 6 ಲಕ್ಷ ಇರಲೇ ಇಲ್ಲ. ಅದಕ್ಕಿಂತ ದೊಡ್ಡ ವಿಷಯ, ಮನೆ ಮಾರುತ್ತಿರುವವರಿಗೆ ಒಬ್ಬ ತಂಗಿ ಇದ್ದಾರೆ, ಅವರ ಸಹಿಯೇ ಆಗಿಲ್ಲ.

ನಾಲ್ಕನೇ ಸಲ ಬಂದಾಗ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದರು. ಮನೆ ಬೇಕು ಅನ್ನುವುದರಲ್ಲಿ ಈಗ ಶಾರದಾ ಅವರಿಗೂ ಮನಸ್ಸಿದೆ, ಬೆಳಗ್ಗೆ ಆರಕ್ಕೆ ಹೋದ ದಿನ ಕೆರೆ ಏರಿ ಮೇಲೆ ಇಬ್ಬರೂ ಒಂದು ಸುತ್ತು ನಡೆದರಂತೆ. ಆದರೆ ಶಾರದಾ ಅವರ ಷರತ್ತುಗಳಿವೆ. ಮೇಲಿನ ರೂಮುಗಳನ್ನು ಸಣ್ಣ ಸಂಸಾರಕ್ಕೋ, ತಾವೇ ಅಡುಗೆ ಮಾಡಿಕೊಳ್ಳುವ ಪಿಎಚ್‌ಡಿ ಹುಡುಗಿಯರಿಗೋ ಕೊಡುವುದು, ಊಟ ಇಲ್ಲ. ಬಾಡಿಗೆ ಕಮ್ಮಿ ಬರುತ್ತೆ. ಅದಕ್ಕೆ ಊರಿನ ಸೈಟು ಮಾರಿ, ಮಹದೇವ ಅವರ ಜಿಪಿಎಫ್‌ನಿಂದ (ಸರ್ಕಾರಿ ನೌಕರರ ಭವಿಷ್ಯ ನಿಧಿ) ಸ್ವಲ್ಪ ತೆಗೆದು ಸಾಲವನ್ನು 25 ಲಕ್ಷಕ್ಕೆ ಇಳಿಸುವುದು. ಆಗ ಕಂತು ಸುಮಾರು 24,600, ಸಂಬಳದಲ್ಲೇ ಕಟ್ಟಬಹುದು. ಇನ್ನೊಂದು, ಅಡುಗೆಮನೆ ಪಕ್ಕದ ಮೆಟ್ಟಿಲು ಮುಚ್ಚಿ ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಹಾಕಿಸಬೇಕು.

ಮೇಸ್ತ್ರಿಯನ್ನು ಕರೆಸಿ ಕೇಳಿದವರು ಮಹದೇವ. ಹಾಕಬಹುದು ಅಂದಿದ್ದಾರೆ. ತಂಗಿಯ ಸಹಿಗೆ ದೀಪಾವಳಿವರೆಗೂ ಕಾಯುತ್ತಾರೆ. ಆಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡುತ್ತೇನೆ ಅಂತ ಮಾಲೀಕರಿಂದ ಬರೆಸಿಕೊಂಡಿದ್ದಾರೆ, ಈ ಸಲ ಶಾರದಾ ಎದುರಿಗೇ.