ಅಟ್ಟದ ಮೇಲಿನ ಜಾಯ್‌ಸ್ಟಿಕ್‌ಗೆ ಕತ್ತರಿ ಹಾಕಬೇಡಿ

ಪ್ರಶ್ನೆ: ನಮ್ಮ ದೊಡ್ಡಪ್ಪ 1990ರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಮೊನ್ನೆ ಅಟ್ಟ ಗುಡಿಸುವಾಗ ಒಂದು ಯಂತ್ರದ ಮುಂದಿನ ಹಲಗೆ ವೈರ್ ಸಮೇತ ಸಿಕ್ಕಿತು. ಎರಡು ಜಾಯ್‌ಸ್ಟಿಕ್, ಒಂದೊಂದಕ್ಕೂ ಆರು ಬಟನ್. ಪರದೆ, ಗೇಮ್ ಬೋರ್ಡ್ ಯಾವುದೂ ಉಳಿದಿಲ್ಲ. ಇದನ್ನು ಕಂಪ್ಯೂಟರಿಗೆ ಜೋಡಿಸಿ ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್) ಹಳೆಯ ಆಟ ಆಡಬಹುದಾ ಸರ್? ರಿಪೇರಿಯವರು ವೈರೆಲ್ಲ ಕತ್ತರಿಸಿ ಹೊಸ ಬಟನ್ ಹಾಕಿಸಿ ಅಂತಾರೆ.
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಆಡಬಹುದು. ಆದರೆ ಕತ್ತರಿ ಮುಟ್ಟಬೇಡಿ. ಇಂಥ ಯಂತ್ರಗಳನ್ನು ನಾನು ವರ್ಷಗಟ್ಟಲೆ ರಿಪೇರಿ ಮಾಡಿದ್ದೇನೆ. ಒಮ್ಮೆ ಅವಸರಕ್ಕೆ ಒಂದು ಹಲಗೆಯ ವೈರ್ ಕತ್ತರಿಸಿಬಿಟ್ಟೆ. ಯಾವ ವೈರ್ ಯಾವ ಬಟನ್‌ನದು ಅಂತ ಹುಡುಕುವುದರಲ್ಲೇ ಎರಡು ದಿನ ಹೋಯಿತು.

ಒಂದು ಕೈಗೆ ಆರು ಬಟನ್ ಅಂದರೆ ನಿಮ್ಮದು ಸ್ಟ್ರೀಟ್ ಫೈಟರ್ 2 ಕಾಲದ ಹಲಗೆ ಇರಬೇಕು. ಕ್ಯಾಪ್‌ಕಾಮ್ 1991ರಲ್ಲಿ ತಂದ ಆಟ ಅದು. ಮೇಲಿನ ಸಾಲು ಮೂರು ಪಂಚ್, ಕೆಳಗಿನದು ಮೂರು ಕಿಕ್. ಬಟನ್‌ಗಳ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಜಾಸ್ತಿ ಒತ್ತಿಸಿಕೊಂಡ ಬಟನ್ ನುಣ್ಣಗೆ ಸವೆದು ಹೊಳೆಯುತ್ತಿರುತ್ತದೆ.

ಈಗ ಹಲಗೆ ತಿರುಗಿಸಿ. ಪ್ರತಿ ಬಟನ್ ಅಡಿಯಲ್ಲೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಮೈಕ್ರೋಸ್ವಿಚ್ ಇದೆ. ಅದಕ್ಕೆ ಮೂರು ಕಾಲು: ಕಾಮನ್, ಎನ್‌ಒ (ನಾರ್ಮಲಿ ಓಪನ್), ಎನ್‌ಸಿ (ನಾರ್ಮಲಿ ಕ್ಲೋಸ್ಡ್). ಬಟನ್ ಒತ್ತಿದಾಗ ಕಾಮನ್ ಮತ್ತು ಎನ್‌ಒ ಕೂಡಿಕೊಳ್ಳುತ್ತವೆ. ಅಷ್ಟೇ ಇದರ ಕೆಲಸ. ಎಲ್ಲ ಕಾಮನ್ ಕಾಲುಗಳನ್ನೂ ಮಾಲೆ ಪೋಣಿಸಿದ ಹಾಗೆ ಒಂದೇ ಗ್ರೌಂಡ್ ವೈರ್ ಸುತ್ತಿಕೊಂಡು ಹೋಗುತ್ತದೆ. ಎನ್‌ಒ ಕಾಲಿನಿಂದ ಮಾತ್ರ ಒಂದೊಂದಕ್ಕೂ ಬೇರೆ ವೈರ್. ಜಾಯ್‌ಸ್ಟಿಕ್ ಕೂಡ ಹೀಗೇ, ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್.

ಇಲ್ಲಿ ಬಹಳ ಜನ ಎಡವುತ್ತಾರೆ. ಕೋಲನ್ನು ಮೇಲಕ್ಕೆ ತಳ್ಳಿ, ಹಲಗೆಯ ಅಡಿಯಲ್ಲಿ ನೋಡಿ. ಒತ್ತಿಕೊಳ್ಳುವುದು ಕೆಳಗಿನ ಸ್ವಿಚ್! ಕೋಲು ನಡುವೆ ಕೀಲಿನ ಮೇಲೆ ಆಡುವುದರಿಂದ ಅದರ ಬುಡ ಎದುರು ದಿಕ್ಕಿಗೆ ಹೋಗುತ್ತದೆ. ಎಡ, ಬಲಕ್ಕೂ ಇದೇ ಮಾತು.

ವೈರ್‌ಗಳೆಲ್ಲ ಕೊನೆಗೆ ಒಂದು ಉದ್ದನೆಯ ಸಾಕೆಟ್‌ಗೆ ಸೇರುತ್ತವೆ. ಅದರಲ್ಲಿ ಒಂದು ಬದಿಗೆ 28ರಂತೆ 56 ಪಿನ್ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಅದು ಜಾಮಾ, 1985ರಲ್ಲಿ ಜಪಾನಿನಲ್ಲಿ ಬಂದ ಜೋಡಣೆ ಪದ್ಧತಿ. ಅದಕ್ಕೆ ಸಿಕ್ಕಿಸಲು ಫಿಂಗರ್‌ಬೋರ್ಡ್ ಅಂತ ಚಿಕ್ಕ ಹಲಗೆ ಸಿಗುತ್ತದೆ. ನಿಮ್ಮ ಬೆಸುಗೆಯೆಲ್ಲ ಅದರ ಮೇಲೇ ಆಗಲಿ, ದೊಡ್ಡಪ್ಪನ ವೈರಿಂಗ್ ಹಾಗೇ ಉಳಿಯುತ್ತದೆ. ಮುಂಬದಿಯಲ್ಲಿ 17 ಸ್ಟಾರ್ಟ್, 18ರಿಂದ 21 ಮೇಲೆ, ಕೆಳಗೆ, ಎಡ, ಬಲ. 22, 23, 24 ಮೂರು ಬಟನ್. ಹಿಂಬದಿಯ ಅದೇ ಜಾಗಗಳು ಎರಡನೇ ಆಟಗಾರನವು. ಕಿಕ್ ಬಟನ್‌ಗಳ ವೈರ್ ಇದರಲ್ಲಿ ಇರುವುದಿಲ್ಲ, ಬೇರೆ ಕಟ್ಟಾಗಿ ಬಂದಿರುತ್ತದೆ, ಅದನ್ನು ಹುಡುಕಿ. ಗ್ರೌಂಡ್ 1, 2, 27, 28ರಲ್ಲಿದೆ. 3ರಿಂದ 6 ಕರೆಂಟಿನ ಪಿನ್‌ಗಳು, ಅವನ್ನು ಮುಟ್ಟಲೇಬೇಡಿ. ಹಳೆಯ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ ಡಬ್ಬಿ) ಇನ್ನೂ ಜೋಡಿಸಿದ್ದರೆ ಮೊದಲು ತೆಗೆದಿಡಿ. 12 ವೋಲ್ಟ್ ಏನಾದರೂ ಯುಎಸ್‌ಬಿಗೆ ಹೋದರೆ ಕಂಪ್ಯೂಟರೇ ಸುಟ್ಟೀತು.

ಬೆಸುಗೆಗೆ ಮುಂಚೆ ಮಲ್ಟಿಮೀಟರನ್ನು ಬಜರ್‌ಗೆ ಹಾಕಿ. ಒಂದು ಮೊನೆ ಗ್ರೌಂಡಿಗೆ, ಇನ್ನೊಂದು ಬಟನ್‌ನ ಪಿನ್ನಿಗೆ. ಒತ್ತಿದಾಗ ಕುಯ್ ಅನ್ನಬೇಕು, ಬಿಟ್ಟಾಗ ತಕ್ಷಣ ನಿಲ್ಲಬೇಕು. ತಡವರಿಸಿದರೆ ಆ ಸ್ವಿಚ್ ಒಂದನ್ನೇ ಬದಲಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿ, ಹಳೆಯದನ್ನು ಜೊತೆಗೆ ಒಯ್ದು ಅಳತೆ ನೋಡಿ ತನ್ನಿ.

ಇನ್ನು ಬೇಕಿರುವುದು ಎನ್‌ಕೋಡರ್, ಅಂದರೆ ಸ್ವಿಚ್ ಒತ್ತಿದ್ದನ್ನು ಕೀ ಒತ್ತಿದಂತೆ ಕಂಪ್ಯೂಟರಿಗೆ ಹೇಳುವ ಬೋರ್ಡ್. ಫಿಂಗರ್‌ಬೋರ್ಡಿನ ವೈರ್‌ಗಳು ಇದಕ್ಕೇ ಸೇರುತ್ತವೆ. ಐ-ಪ್ಯಾಕ್ ಇದಕ್ಕೆಂದೇ ಮಾಡಿದ್ದು, ಬೆಲೆ ಜಾಸ್ತಿ. ಪ್ರೋಗ್ರಾಮ್ ಬರೆಯಲು ಬಂದರೆ ಆರ್ಡುಯಿನೋ ಪ್ರೊ ಮೈಕ್ರೋ ಎಂಬ ಪುಟ್ಟ ಬೋರ್ಡ್ ಸಾಕು. ಅದರಲ್ಲಿರುವ ಚಿಪ್ ತಾನೇ ಕೀಬೋರ್ಡಿನ ಹಾಗೆ ನಡೆದುಕೊಳ್ಳುತ್ತದೆ. ಆರ್ಡುಯಿನೋದ್ದೇ ಊನೋ ಆರ್3 ತರಬೇಡಿ, ಅದು ನೇರವಾಗಿ ಈ ಕೆಲಸ ಮಾಡುವುದಿಲ್ಲ. ಒಬ್ಬ ಆಟಗಾರನಿಗೆ ನಾಲ್ಕು ದಿಕ್ಕು, ಆರು ಬಟನ್, ಸ್ಟಾರ್ಟ್, ಕಾಯಿನ್ ಸೇರಿ 12 ವೈರ್. ಪ್ರೊ ಮೈಕ್ರೋದಲ್ಲಿ ಇದಕ್ಕೆ ಬಳಸಬಹುದಾದ 18 ಪಿನ್ ಇವೆ. ಇಬ್ಬರಿಗೆ ಎರಡು ಬೋರ್ಡ್ ಹಾಕಿ.

ಹೊಸ ಬಟನ್ ಹಾಕಿಸಿದರೂ ಆಟ ನಡೆಯುತ್ತೆ, ಅದು ನಿಜ. ಆದರೆ ಆ ಸ್ಪ್ರಿಂಗ್‌ನ ಬಿಗಿ, ಆ ಟಕ್ ಶಬ್ದ ಹೊಸದರಲ್ಲಿ ಸಿಗುವುದಿಲ್ಲ. ದೊಡ್ಡಪ್ಪ ಇದ್ದರೆ ಮೊದಲ ಆಟ ಅವರಿಂದಲೇ ಆಡಿಸಿ.

ಪ್ರಶ್ನೆ: ನನ್ನ ಹತ್ತಿರ ಹಳೆಯ ಟ್ರ್ಯಾಕ್‌ಬಾಲ್ ಇದೆ. ಅದಕ್ಕೂ ಬಟನ್‌ನ ಹಾಗೆ ಎರಡು ವೈರ್ ಕೊಟ್ಟರೆ ಸಾಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಲದು. 1980ರ ಮಿಸೈಲ್ ಕಮಾಂಡ್ ಆಟದಲ್ಲಿ ಇದ್ದದ್ದು ಇಂಥದ್ದೇ ಚೆಂಡು. ಚೆಂಡು ಎರಡು ರೋಲರ್ ತಿರುಗಿಸುತ್ತದೆ, ರೋಲರ್ ತುದಿಯಲ್ಲಿ ಸೀಳುಗಳಿರುವ ಚಕ್ರ. ಚಕ್ರದ ಬಳಿ ಎರಡು ಬೆಳಕಿನ ಸೆನ್ಸರ್, ಯಾವುದು ಮೊದಲು ಬೆಳಕು ಕಂಡಿತು ಎನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ. ಕೆಳಗೆ ಚೆಂಡಿದ್ದ ಹಳೆಯ ಮೌಸ್ ನೆನಪಿದೆ ಅಲ್ವಾ? ಅದೇ ಕ್ರಮ. ಹಾಗಾಗಿ ಟ್ರ್ಯಾಕ್‌ಬಾಲ್‌ಗೆ 5 ವೋಲ್ಟ್, ಗ್ರೌಂಡ್ ಮತ್ತು ನಾಲ್ಕು ಸಂಕೇತದ ವೈರ್ ಬೇಕು. ಪ್ರೊ ಮೈಕ್ರೋವನ್ನು ಮೌಸ್ ಆಗುವಂತೆ ಬರೆದುಕೊಳ್ಳಿ, ಎಮ್ಯುಲೇಟರ್‌ನಲ್ಲಿ ಮೌಸ್ ಆನ್ ಮಾಡಿ. ಅದಕ್ಕೂ ಮೊದಲು ಚೆಂಡು ತೆಗೆದು ರೋಲರ್‌ಗೆ ಸುತ್ತಿಕೊಂಡ ಕೊಳೆಯನ್ನು ಮರದ ಕಡ್ಡಿಯಿಂದ ಬಿಡಿಸಿ. ಚೆಂಡು ತಡೆತಡೆದು ಉರುಳುವುದು ಹೆಚ್ಚಾಗಿ ಆ ಕೊಳೆಯಿಂದಲೇ.

ಪ್ರಶ್ನೆ: ಮನೆಯಲ್ಲಿ ಹಳೆಯ ಕೀಬೋರ್ಡ್ ಇದೆ. ಅದನ್ನೇ ಬಿಚ್ಚಿ ಎನ್‌ಕೋಡರ್ ಮಾಡಿಕೊಳ್ಳಲೇ? ಆಟದ ಫೈಲ್ ಎಲ್ಲಿ ಸಿಗುತ್ತದೆ?
– ಓದುಗರು, ಉಡುಪಿ

ಉತ್ತರ: ಒಬ್ಬರೇ ಆಡುವುದಾದರೆ ನಡೆಯುತ್ತದೆ. ಇಬ್ಬರು ಸೇರಿ ಒಟ್ಟಿಗೆ ಮೂರು-ನಾಲ್ಕು ಬಟನ್ ಒತ್ತಿದಾಗ ತೊಂದರೆ. ಕೀಬೋರ್ಡಿನ ವೈರ್‌ಗಳು ಅಡ್ಡ, ಉದ್ದ ಸಾಲುಗಳಲ್ಲಿವೆ. ಚೌಕದ ಮೂರು ಮೂಲೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಕಾಣಬಹುದು, ಅಥವಾ ಮೂರನೆಯದು ದಾಖಲಾಗದೇ ಹೋಗಬಹುದು.

ಆಟದ ಫೈಲ್‌ಗಳಿಗೆ ಮಾಲೀಕರ ಹಕ್ಕು ಇದೆ, ಸಿಕ್ಕ ಕಡೆಯಿಂದ ಇಳಿಸಿಕೊಳ್ಳಬೇಡಿ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರು ಮಾಡಿದ ಮೇಮ್ ಎಮ್ಯುಲೇಟರ್‌ನ ಅಧಿಕೃತ ತಾಣದಲ್ಲೇ ಮಾಲೀಕರು ಒಪ್ಪಿಗೆ ಕೊಟ್ಟ ಕೆಲವು ಆಟಗಳಿವೆ. ಗ್ರಿಡ್‌ಲೀ, ರಾಬಿ ರೋಟೋ ಅಂಥವು. ನಿಮ್ಮ ವೈರಿಂಗ್ ಪರೀಕ್ಷೆ ಮಾಡಲು ಅವು ಸಾಕು.