ಜಾಹೀರಾತಿನಲ್ಲಿ ಕಪ್ಪು ಜನ ಜಾಸ್ತಿ ಆದರೇ?

ಪತ್ರ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅಲ್ಲಿ ಟಿವಿ ಹಾಕಿದರೆ ಸಾಕು, ಒಂದು ಬಿಟ್ಟು ಒಂದು ಜಾಹೀರಾತಿನಲ್ಲಿ ಕಪ್ಪು ಜನ. ಕಾರಿಗೂ ಅವರೇ, ವಿಮೆಗೂ ಅವರೇ. ಇದು ಸುಮ್ನೆ ತೋರಿಕೆಗೆ ಮಾಡಿದ್ದಲ್ವಾ? ಅತಿಯಾಯಿತು ಅನಿಸುವುದಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ತೋರಿಕೆ ಸ್ವಲ್ಪ ಇದೆ, ಒಪ್ಪುತ್ತೇನೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನನ್ನು ಬಿಳಿ ಪೊಲೀಸನೊಬ್ಬ ಕೊಂದ ಮೇಲೆ ಎಷ್ಟೋ ಕಂಪನಿಗಳು ಅವಸರದಲ್ಲಿ ಜಾಹೀರಾತು ಬದಲಿಸಿದವು. ಆದರೆ ‘ಅತಿ’ ಅನ್ನುವುದನ್ನು ಒಪ್ಪಲಾರೆ. ಮೊದಲು ಅಲ್ಲಿ ಏನಿತ್ತು ಅನ್ನುವುದನ್ನು ನೋಡಿ.

ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್ ಅವರ ರೆಕಾರ್ಡುಗಳನ್ನು ಬಿಳಿಯರೂ ಮುಗಿಬಿದ್ದು ಕೊಳ್ಳುತ್ತಿದ್ದ ಕಾಲ. 1956ರ ನವೆಂಬರಿನಲ್ಲಿ ಎನ್‌ಬಿಸಿ ವಾಹಿನಿ ಅವರದೇ ಹೆಸರಿನ ಕಾರ್ಯಕ್ರಮ ಶುರು ಮಾಡಿತು. ಎಲಾ ಫಿಟ್ಜೆರಾಲ್ಡ್, ಹ್ಯಾರಿ ಬೆಲಾಫೊಂಟೆ ಅಂಥವರು ಬಂದು ಹಾಡಿದರು. ಕಾರ್ಯಕ್ರಮ ಉಳಿಯಲಿ ಅಂತ ಎಷ್ಟೋ ಕಲಾವಿದರು ಕಡಿಮೆ ದುಡ್ಡಿಗೇ ಬಂದರು. ಇಷ್ಟಾದರೂ ದೇಶಮಟ್ಟದ ಪ್ರಾಯೋಜಕರು ಒಬ್ಬರೂ ಸಿಗಲಿಲ್ಲ. ಕಪ್ಪು ಮನುಷ್ಯನ ಜೊತೆ ತಮ್ಮ ಹೆಸರು ಕಂಡರೆ ದಕ್ಷಿಣದ ರಾಜ್ಯಗಳ ಬಿಳಿ ಗಿರಾಕಿಗಳು ಕೈಬಿಟ್ಟಾರು ಅನ್ನುವ ಭಯ ಕಂಪನಿಗಳಿಗೆ. 1957ರ ಡಿಸೆಂಬರಿಗೆ ಎಲ್ಲ ಮುಗಿಯಿತು. ಜಾಹೀರಾತು ಕಂಪನಿಗಳ ಬೀದಿಯನ್ನು ನೆನೆದು ಕೋಲ್ ಹೇಳಿದರು: ‘ಮ್ಯಾಡಿಸನ್ ಅವೆನ್ಯೂಗೆ ಕತ್ತಲೆ ಅಂದರೆ ಭಯ.’ ಅಷ್ಟು ದೊಡ್ಡ ಗಾಯಕನಿಗೇ ಈ ಗತಿ ಬಂದರೆ ಉಳಿದವರನ್ನು ಯಾರು ಕೇಳುತ್ತಿದ್ದರು?

ಹಾಗಂತ ಕಪ್ಪು ಮುಖ ಇರಲೇ ಇಲ್ಲ ಅಂತಲ್ಲ. ಸೇವೆ ಮಾಡುವ ಮುಖ ಇತ್ತು. ಆಂಟ್ ಜೆಮೈಮಾ ಎಂಬ ಪ್ಯಾನ್‌ಕೇಕ್ (ದೋಸೆಯಂಥ ತಿಂಡಿ) ಹಿಟ್ಟಿನ ಪೊಟ್ಟಣದ ಮೇಲಿನ ಹೆಂಗಸು ತಲೆಗೆ ಬಟ್ಟೆ ಕಟ್ಟಿಕೊಂಡು, ನಗುನಗುತ್ತಾ ಬಿಳಿಯರ ಮನೆಗೆ ಅಡುಗೆ ಮಾಡುವವಳು. 1893ರ ಷಿಕಾಗೊ ಜಾಗತಿಕ ಮೇಳದಲ್ಲಿ ಆ ವೇಷ ಹಾಕಿದ ನ್ಯಾನ್ಸಿ ಗ್ರೀನ್ ಗುಲಾಮಗಿರಿಯಲ್ಲೇ ಹುಟ್ಟಿದವರು. ಆ ಹೆಸರು ಅಂಗಡಿಯಿಂದ ಹೋದದ್ದು 2021ರಲ್ಲಿ!

ಆದ್ದರಿಂದ ಎಷ್ಟು ಮಂದಿ ಕಾಣುತ್ತಾರೆ ಅನ್ನುವುದಕ್ಕಿಂತ, ಅವರನ್ನು ಏನು ಮಾಡಿ ತೋರಿಸುತ್ತಾರೆ ಅನ್ನುವುದು ನನಗೆ ಮುಖ್ಯ. 1971ರಲ್ಲಿ ಷಿಕಾಗೊದಲ್ಲಿ ಸ್ವಂತ ಜಾಹೀರಾತು ಸಂಸ್ಥೆ ತೆರೆದ ಕಪ್ಪು ಜಾಹೀರಾತುಗಾರ ಟಾಮ್ ಬರೆಲ್ ಇದನ್ನು ಚೆನ್ನಾಗಿ ಬಲ್ಲವರು. ಕಪ್ಪು ಜನರೆಂದರೆ ಮೈಬಣ್ಣ ಕಪ್ಪಾಗಿರುವ ಬಿಳಿಯರಲ್ಲ ಅಂತ ಅವರು ಹೇಳುತ್ತಿದ್ದರು. ಮೆಕ್‌ಡೊನಾಲ್ಡ್ಸ್, ಕೋಕಾಕೋಲಾಗಳಿಗೆ ಅವರು ಮಾಡಿದ ಜಾಹೀರಾತುಗಳಲ್ಲಿ ಕಪ್ಪು ಕುಟುಂಬಗಳ ದಿನನಿತ್ಯದ ಬದುಕೇ ಇತ್ತು. ಇವತ್ತಿನ ಜಾಹೀರಾತುಗಳ ಮೇಲೆ ನನ್ನ ದೂರು ಇಲ್ಲಿದೆ. ಬಿಳಿಯರಿಗೆ ಬರೆದ ಕಥೆಗೆ ಕಪ್ಪು ನಟರನ್ನು ತಂದು ನಿಲ್ಲಿಸಿದರೆ ಅದು ನಿಮಗೂ ತೋರಿಕೆ ಅನಿಸುತ್ತದೆ, ಅವರಿಗೂ ಅನಿಸುತ್ತದೆ.

ಚೆನ್ನಾಗಿ ಮಾಡಿದ್ದೂ ಇದೆ. ಬೆಳಗಿನ ತಿಂಡಿಗೆ ಹಾಲಿನಲ್ಲಿ ಹಾಕಿಕೊಂಡು ತಿನ್ನುವ ಚೀರಿಯೋಸ್‌ನ 2013ರ ಜಾಹೀರಾತು ನೋಡಿ. ಅಪ್ಪ ಕಪ್ಪು, ಅಮ್ಮ ಬಿಳಿ. ಚೀರಿಯೋಸ್ ಹೃದಯಕ್ಕೆ ಒಳ್ಳೆಯದು ಅಂತ ಅಮ್ಮನಿಂದ ಕೇಳಿದ ಪುಟ್ಟ ಮಗಳು, ಮಲಗಿದ್ದ ಅಪ್ಪನ ಎದೆಯ ಮೇಲೆ ಅದನ್ನು ಸುರಿದುಬಿಡುತ್ತಾಳೆ. ಅಷ್ಟೇ ಕಥೆ. ಇದಕ್ಕೆ ಯೂಟ್ಯೂಬ್‌ನಲ್ಲಿ ಎಂಥ ಹೊಲಸು ಬೈಗುಳ ಬಂತೆಂದರೆ ಕಂಪನಿ ಕಾಮೆಂಟುಗಳನ್ನೇ ಮುಚ್ಚಬೇಕಾಯಿತು. ಜಾಹೀರಾತನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ಮರುವರ್ಷ ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಫೈನಲ್‌ನ ಪ್ರಸಾರದಲ್ಲಿ ಅದೇ ಕುಟುಂಬವನ್ನು ಮತ್ತೆ ತೋರಿಸಿತು. ನನಗೆ ಬಹಳ ಹಿಡಿಸಿದ ನಡೆ ಅದು.

ನಮ್ಮ ಕಣ್ಣನ್ನೂ ಸ್ವಲ್ಪ ಪ್ರಶ್ನಿಸಿಕೊಳ್ಳೋಣ. 1975ರಲ್ಲಿ ಬಂದ ಮೈ ಬೆಳ್ಳಗಾಗಿಸುವ ಕ್ರೀಮು ಫೇರ್ ಅಂಡ್ ಲವ್ಲಿ 2020ರವರೆಗೂ ಅದೇ ಹೆಸರಲ್ಲಿ ಮಾರಾಟವಾಯಿತು. ಕಪ್ಪಗಿದ್ದ ಹುಡುಗಿ ಬೆಳ್ಳಗಾದ ಮೇಲೆ ಕೆಲಸ ಸಿಗುವ ಕಥೆಗಳನ್ನು ನಾವು ಊಟ ಮಾಡುತ್ತಾ ನೋಡಿದ್ದೇವೆ. ‘ಬರೀ ಬಿಳಿ ಮುಖಗಳೇ, ಅತಿಯಾಯಿತು’ ಅಂತ ಆಗ ಪತ್ರಿಕೆಗೆ ಒಂದು ಸಾಲನ್ನಾದರೂ ಬರೆದೆವಾ?

ನಿಮಗೆ ತೋರಿಕೆ ಅನಿಸಿದ ಜಾಹೀರಾತು ಯಾವುದು, ಅದರಲ್ಲಿ ಆ ಜನ ಏನು ಮಾಡುತ್ತಿದ್ದರು ಅಂತ ಇನ್ನೊಂದು ಪತ್ರ ಬರೆಯಿರಿ. ಖಂಡಿತ ಪ್ರಕಟಿಸುತ್ತೇವೆ.